ಗುಳಿಗೆ ನುಂಗಿದವಳ ಮೀಸಲು

“ಅವ್ವಾ, ಮಾಯಕ್ಕ ದೊಡ್ಡವ್ವನ ಹೊಟ್ಯಾಗ ಒಲಿ ಅದ ಏನ? ಇಷ್ಟ ಥಂಡಿ ಇದ್ರೂ ಬೀಸಣಕಿ ಬೀಸ್ಕೋತ ಕುಂದರ್ತಾಳಲ್ಲ?”

ಕರಿಷ್ಮಾ ಇದನ್ನು ತಾಯಿಯ ಕಿವಿಯಲ್ಲಿ ಕೇಳಿದ್ದರೆ ನಡೆಯುತ್ತಿತ್ತು. ಐದು ವರ್ಷದ ಹುಡುಗಿ, ಮಾಯಕ್ಕನ ಕಟ್ಟೆಯ ಮೇಲೆಯೇ ಕೂತು, ಮಾಯಕ್ಕ ಹುರಿದುಕೊಟ್ಟ ಶೇಂಗಾ ಬಾಯಿತುಂಬ ಇಟ್ಟುಕೊಂಡು, ಓಣಿಗೆಲ್ಲ ಕೇಳುವಂತೆ ಕೇಳಿದಳು. ಕಾಂಚನ ನಾಚಿಕೊಂಡು ಮಗಳ ತೊಡೆ ಚಿವುಟಿದಳು. ಜನವರಿಯ ಬೆಳಗು. ಮಹಾರಾಷ್ಟ್ರದ ಗಡಿಯೂರು ದರಿಬಡಚಿಯ ಗಂಡಸರೆಲ್ಲ ಕಂಬಳಿ ಹೊದ್ದು ಬಿಸಿಲಿಗೆ ಬೆನ್ನು ಕೊಟ್ಟು ಕೂತ ಹೊತ್ತು. ಮಾಯಕ್ಕನ ಕುಪ್ಪಸ ಮಾತ್ರ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತ್ತು.

“ಚಿವುಟಬ್ಯಾಡ ಕೂಸಿನ್ನ,” ಎಂದಳು ಮಾಯಕ್ಕ. “ಹನ್ನೊಂದ ವರ್ಷದಾಗ ಯಾರೂ ಕೇಳಲಾರದ್ದು ಆಕಿ ಕೇಳ್ಯಾಳ. ಹೌದವಾ ಕರಿಷ್ಮಾ, ಒಲಿನ ಅದ. ಹಚ್ಚಿದವ್ರು ಹಚ್ಚಿ ಹೋದ್ರು, ಆರಸಾಕ ಯಾರೂ ಬರವಲ್ಲರು.”

ಅವಳು ನಕ್ಕಳು. ಹುಡುಗಿಯೂ ನಕ್ಕಳು. ಕಾಂಚನಳಿಗೆ ನಗು ಬರಲಿಲ್ಲ, ಯಾಕೆಂದರೆ ಆ ಒಲೆ ಹಚ್ಚಿದವರು ಯಾರೆಂದು ಓಣಿಯ ಹೆಂಗಸರಿಗೆಲ್ಲ ಗೊತ್ತಿತ್ತು.

ಮಾಯಕ್ಕನಿಗೆ ಆಗ ಮೂವತ್ತೆಂಟು. ಹದಿನಾರಕ್ಕೆ ಕಾಳಪ್ಪನ ಹೆಂಡತಿಯಾಗಿ ಬಂದವಳು. ಇಪ್ಪತ್ತೊಂದು ತುಂಬುವುದರೊಳಗೆ ಇಬ್ಬರು ಮಕ್ಕಳ ತಾಯಿ. ಅತ್ತೆ ಹಣಮವ್ವ ಕುರಿ ಕಾಯುತ್ತಿದ್ದಳು, ಗಂಡಹೆಂಡತಿ ದೀಪಾವಳಿಗೆ ಮುಂಚೆ ಕಬ್ಬಿನ ಸೀಮೆಗೆ ಹೊರಡುತ್ತಿದ್ದರು. ಅಲ್ಲಿ ಗಂಡಹೆಂಡತಿ ಇಬ್ಬರೂ ಸೇರಿದರೆ ಒಂದು ಕೊಯ್ತಾ. ಕಬ್ಬು ಕಡಿಯುವ ಕತ್ತಿಯ ಹೆಸರೇ ಮನುಷ್ಯರಿಗೂ. ಹೆಂಡತಿ ಒಂದು ದಿನ ಗುಡಿಸಲಲ್ಲಿ ಮಲಗಿದರೆ ಆ ಕೊಯ್ತಾ ಅರ್ಧವಾಯಿತು, ಮುಂಗಡ ಕೊಟ್ಟು ಕೂಲಿಯವರನ್ನು ಕರೆತರುವ ಮುಕಾದಮನ ಬೈಗುಳ ಶುರುವಾಯಿತು. ತಿಂಗಳಿಗೆ ನಾಲ್ಕು ದಿನ ಸೊಂಟ ಹಿಡಿದುಕೊಂಡು, ಬಟ್ಟೆ ಬದಲಿಸಲು ಮರೆಯಿಲ್ಲದೆ, ಕಬ್ಬಿನ ಮೋಳಿ ಕಟ್ಟಿ, ಆ ಹೊರೆ ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುವುದು ಮಾಯಕ್ಕನಿಗೆ ರೂಢಿಯಾಗಿತ್ತು. ಬಿಳಿಸೆರಗು ಹೋಗಲು ಶುರುವಾದಾಗ ಮುಕಾದಮನೇ ತನ್ನ ಜೀಪಿನಲ್ಲಿ ಕೂರಿಸಿಕೊಂಡು ಕಾರ್ಖಾನೆಯ ಊರಿನ ಒಂದು ಖಾಸಗಿ ದವಾಖಾನೆಗೆ ಒಯ್ದ. ಅಂಥ ದಯೆ ಅವನು ಹಿಂದೆಂದೂ ತೋರಿಸಿದವನಲ್ಲ.

“ಪಿಶವಿ ತಗಸಿಬಿಡ,” ಎಂದಿದ್ದ. ಪಿಶವಿ ಎಂದರೆ ಮರಾಠಿಯಲ್ಲಿ ಚೀಲ. ಗರ್ಭಕೋಶಕ್ಕೆ ಆ ಕಡೆ ಹೇಳುವುದೇ ಹಾಗೆ. “ಎರಡ ಮಕ್ಳ ಆಗ್ಯಾವ. ಇನ್ನ ಅದನ್ನ ಇಟಗೊಂಡ ಏನ ಜ್ವಾಳಾ ತುಂಬತಿ? ಇದ್ರ ಕ್ಯಾನ್ಸರ್ ಆಗ್ತದ.”

ಕ್ಯಾನ್ಸರ್ ಎಂಬ ಮಾತಿಗೆ ಕಾಳಪ್ಪ ಹೆದರಿ ಹೆಬ್ಬೆಟ್ಟು ಒತ್ತಿದ. ಇಪ್ಪತ್ತೇಳನೆಯ ವರ್ಷದಲ್ಲಿ ಮಾಯಕ್ಕನ ಮುಟ್ಟು ನಿಂತಿತು. ಇಪ್ಪತ್ತು ದಿನಕ್ಕೆ ಅವಳು ಮತ್ತೆ ಕಬ್ಬಿನ ಸಾಲಿನಲ್ಲಿದ್ದಳು. ಅದೇ ತಿಂಗಳು ಮೊದಲ ಝಳ ಬಂತು. ಎದೆಯಿಂದ ಎದ್ದು ಕೊರಳು, ಕೆನ್ನೆ, ನೆತ್ತಿಯವರೆಗೆ ಹತ್ತಿಕೊಂಡು, ಆಮೇಲೆ ಮೈಯೆಲ್ಲ ಬೆವರಾಗಿ ಇಳಿದುಹೋಯಿತು. ಬಿಸಿಲಿಗೆ ಹೀಗಾಯಿತೇನೋ ಎಂದುಕೊಂಡಳು. ಮಳೆಗಾಲದಲ್ಲೂ ಬಂತು, ಚಳಿಗಾಲದಲ್ಲೂ ಬಂತು.

ಆದರೆ ಮರುವರ್ಷ ಕಬ್ಬಿನ ಸೀಮೆ ಬಿಟ್ಟು ಊರಲ್ಲೇ ನಿಂತ ಮೇಲೆ ಒಂದು ಮರ್ಯಾದೆಯೂ ಸಿಕ್ಕಿತು. ಓಣಿಯ ಕೊನೆಗೆ ಅವರ ಭಾವಕಿಯ ಬೀರಪ್ಪನ ಗುಡಿಯಿದೆ. ಭಾವಕಿ ಎಂದರೆ ಒಂದೇ ಬೇರಿನ ಹದಿನಾಲ್ಕು ಮನೆ. ಪ್ರತಿ ಅಮಾವಾಸ್ಯೆಗೆ ಆ ದೇವರಿಗೆ ಮೀಸಲು ಹೋಗಬೇಕು: ಒಬ್ಬಳೇ ಹೆಂಗಸು ನಸುಕಿನಲ್ಲಿ ಮಿಂದು, ಒದ್ದೆ ಸೀರೆಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮಾತಾಡದೆ ಮಾಡಿದ ಐದು ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ. ಅದು ದೇವರ ಮುಂದೆ ಇಳಿಯುವವರೆಗೆ ಹದಿನಾಲ್ಕು ಮನೆಯಲ್ಲಿ ಮಕ್ಕಳ ಹೊರತು ಯಾರೂ ತುತ್ತು ಎತ್ತುವಂತಿಲ್ಲ. ಮತ್ತು ಅದನ್ನು ಮಾಡುವವಳು ಮುಟ್ಟು ನಿಂತವಳೇ ಆಗಿರಬೇಕು. ಹಣಮವ್ವನ ಮೊಣಕಾಲು ಹಿಡಿದುಕೊಂಡ ಮೇಲೆ ಆ ಕೆಲಸ ಸೊಸೆಗೆ ಬಂತು. ಗುಡಿಯ ಪೂಜೆ ಮಾಡುವ ಸೋಮನಿಂಗಪ್ಪ, ಕಾಳಪ್ಪನ ಚಿಕ್ಕಪ್ಪ, ಸೊಸೆಯಂದಿರನ್ನು ಹೆಸರು ಹಿಡಿದು ಕರೆದವನೇ ಅಲ್ಲ. ಅವನೇ ಎಲ್ಲರೆದುರು, “ನಿನಗ ದೇವ್ರು ಲಗೂನ ಬಿಡುಗಡಿ ಕೊಟ್ಟಾನ, ತಗೊಂಡ ಬಾ ತಾಯಿ,” ಎಂದ. ತಾಯಿ! ಕೊಯ್ತಾ ಎನಿಸಿಕೊಂಡು ಬಂದವಳಿಗೆ ಆ ಮಾತು ಬೆಲ್ಲದಂತೆ ಹತ್ತಿತು. ಬಾಯಿಗೆ ಕಟ್ಟಿದ ಬಟ್ಟೆಯೊಳಗೆ ಝಳ ಹತ್ತಿ ಉಸಿರುಗಟ್ಟಿದರೂ ಹತ್ತು ವರ್ಷ ಒಂದು ಅಮಾವಾಸ್ಯೆ ತಪ್ಪಿಸಲಿಲ್ಲ.

ಕರಿಷ್ಮಾ ಒಲೆಯ ಮಾತು ಕೇಳಿದ ಮುಂದಿನ ವಾರವೇ ಮಾಯಕ್ಕನ ಕೈ ಮುರಿಯಿತು. ದೊಡ್ಡದಾಗಿ ಬಿದ್ದವಳೂ ಅಲ್ಲ. ಆಡಿನ ಮರಿ ಎತ್ತಿಕೊಂಡು ಬೇಲಿ ದಾಟುವಾಗ ಕಾಲು ಜಾರಿ, ನೆಲಕ್ಕೆ ಕೈ ಊರಿದಳು ಅಷ್ಟೇ. ಮುಂಗೈ ಒಣಗಿದ ತೊಗರಿಕಟ್ಟಿಗೆಯಂತೆ ಚಟಕ್ ಎಂದಿತು. ಜತ್ತಿನ ಎಲುಬಿನ ಡಾಕ್ಟರು ಪ್ಲಾಸ್ಟರ್ ಹಾಕಿ, ಎಕ್ಸರೇ ಫೋಟೋ ಬೆಳಕಿಗೆ ಹಿಡಿದು, “ಇದು ನಿಮ್ಮ ತಾಯೀದೇನ?” ಎಂದು ಕೇಳಿದ. ಅವಳದೇ ಎಂದಾಗ ಮಿರಜದಲ್ಲಿ ಹೆಂಗಸರ ಡಾಕ್ಟರೊಬ್ಬರಿಗೆ ಚೀಟಿ ಬರೆದುಕೊಟ್ಟ.

ಜೊತೆಗೆ ಹೋದವಳು ಕಾಂಚನ. ಅದೇ ಭಾವಕಿಯ ಸೊಸೆ, ಮಾಯಕ್ಕನ ಪಕ್ಕದ ಮನೆಯವಳು. ಹನ್ನೆರಡನೆಯ ಇಯತ್ತೆವರೆಗೆ ಮರಾಠಿಯಲ್ಲಿ ಓದಿದವಳಾದ್ದರಿಂದ ಕಾಗದ ಓದಲು ಎಲ್ಲರಿಗೂ ಅವಳೇ ಬೇಕು. ಟ್ರಂಕಿನ ತಳದಲ್ಲಿ ಹನ್ನೊಂದು ವರ್ಷ ಮಡಚಿಟ್ಟಿದ್ದ ಆಪರೇಶನ್ನಿನ ಕಾಗದವನ್ನು ಡಾಕ್ಟರಬಾಯಿ ಎರಡು ಸಲ ಓದಿದಳು. ಚೀಲವೊಂದೇ ಅಲ್ಲ, ಎರಡೂ ಕಡೆಯ ಅಂಡಾಶಯವನ್ನೂ ತೆಗೆದಿದ್ದಾರೆ ಎಂದಳು. ಹೆಣ್ಣಿನ ಮೈ ಐವತ್ತರ ಹತ್ತಿರದ ತನಕ ತಾನೇ ಮಾಡಿಕೊಳ್ಳುವ ಒಂದು ರಸ ಅದರಲ್ಲಿ ಹುಟ್ಟುತ್ತದೆ, ಎಲುಬಿಗೆ, ಎದೆಗುಂಡಿಗೆಗೆ, ನಿದ್ದೆಗೆ ಅದು ಬೇಕು. ನಿನಗೆ ಅದು ಇಪ್ಪತ್ತೇಳಕ್ಕೆ ಕಡಿದುಹೋಗಿದೆ. ಬಿ.ಪಿ. ನೋಡಿದಳು, ಎದೆ ಮುಟ್ಟಿ ಪರೀಕ್ಷಿಸಿದಳು, ರಕ್ತಪರೀಕ್ಷೆಗೆ ಬರೆದುಕೊಟ್ಟಳು, ಮನೆಯಲ್ಲಿ ಯಾರಿಗಾದರೂ ಎದೆಯ ಗಂಟು ಆಗಿತ್ತೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಎಂದು ಕೇಳಿದಳು. ವರದಿ ಎಲ್ಲ ನೋಡಿ, ಎರಡನೆಯ ಭೇಟಿಯಲ್ಲಿ ಈಸ್ಟ್ರೋಜನ್ನಿನ ಗುಳಿಗೆ ಬರೆದುಕೊಟ್ಟಳು. ದಿನಕ್ಕೊಂದು. ಐವತ್ತರ ಸುಮಾರಿಗೆ ನಿಲ್ಲಿಸುವುದೋ ಮುಂದುವರಿಸುವುದೋ ನೋಡೋಣ, ಅಲ್ಲಿಯವರೆಗೆ ವರ್ಷಕ್ಕೊಮ್ಮೆಯಾದರೂ ತೋರಿಸಬೇಕು. ಕೊನೆಗೆ ಬೆರಳೆತ್ತಿ ಒಂದು ಮಾತು ಹೇಳಿದಳು: ಓಣಿಯಲ್ಲಿ ಯಾರಿಗೂ ಹಂಚಬೇಡ. ಚೀಲ ಇರುವ ಹೆಂಗಸಿಗೆ ಇದೊಂದನ್ನೇ ಕೊಡುವಂತಿಲ್ಲ, ಅಪಾಯ.

ಮೊದಲ ಭೇಟಿ ಮುಗಿಸಿ ವಾಪಸು ಬರುವಾಗ ಮಾಯಕ್ಕ ಬಸ್ಸಿನ ಕಿಟಕಿಗೆ ಒರಗಿದ್ದಳು. ದ್ರಾಕ್ಷಿ ತೋಟಗಳು ಮುಗಿದು ಕಲ್ಲುನೆಲ ಶುರುವಾದಾಗ ಹೇಳಿದಳು:

“ಚೀಲ ಅಷ್ಟ ಅಂದಿದ್ರು. ಮತ್ತೆರಡ ಕೇಳದ ತಗದಾರ ಕಾಂಚನಾ. ಬದುವಿನ ಮ್ಯಾಲಿನ ಕಸಾ ಕಿತ್ತಂಗ.”

“ಯಕ್ಕಾ…”

“ಅಳಬ್ಯಾಡ, ಮಂದಿ ನೋಡ್ತಾರ. ನಾನ ಅಳವಲ್ಲೆ, ನೀ ಯಾಕ?”

ಗುಳಿಗೆ ಶುರುವಾಗಿ ಒಂದು ತಿಂಗಳಿಗೆ ಝಳ ದಿನಕ್ಕೆ ಹತ್ತು ಬರುತ್ತಿದ್ದದ್ದು ಎರಡಕ್ಕೆ ಇಳಿಯಿತು. ಎರಡು ತಿಂಗಳಿಗೆ ಬೀಸಣಿಗೆ ಗೂಟಕ್ಕೆ ಏರಿತು. ಒಂದು ಬೆಳಗ್ಗೆ ಮಾಯಕ್ಕ ಕಾಂಚನಳ ಬಾಗಿಲಿಗೆ ಬಂದು, ಏನೋ ಗೆದ್ದುಬಂದವಳ ಹಾಗೆ, “ನಸಕಿನ ಥಂಡಿಗಿ ಕೌದಿ ಹೊಚಗೊಂಡ ಮಲಗಿದ್ನಿ!” ಎಂದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣ ಕೆಳಗಿನ ಕಪ್ಪು ತಿಳಿಯಾಗಿತ್ತು. ಗಂಡನ ಮೇಲೆ ಕೂಗಾಡುವುದೂ ಕಡಿಮೆಯಾಗಿತ್ತು, ಆದರೆ ಅದಕ್ಕೆ ಕಾಳಪ್ಪನ ನಡತೆಯೇನೂ ಕಾರಣವಲ್ಲ.

ಕುತ್ತು ಬಂದದ್ದು ಸಂಗವ್ವನಿಂದ. ಎದುರು ಮನೆಯ ಸಂಗವ್ವನಿಗೆ ನಲವತ್ತೆಂಟು. ಮುಟ್ಟು ಎರಡು ತಿಂಗಳಿಗೊಮ್ಮೆ, ನಾಲ್ಕು ತಿಂಗಳಿಗೊಮ್ಮೆ ಎಂದು ದಾರಿ ತಪ್ಪಿತ್ತು, ಅವಳಿಗೂ ಝಳ ಶುರುವಾಗಿತ್ತು. ಓಣಿಯಲ್ಲಿ ಹೆಪ್ಪು, ಕೆಂಡ, ಜ್ವರದ ಗುಳಿಗೆ ಯಾರ ಮನೆಯಲ್ಲಿದ್ದರೂ ಎಲ್ಲರದು. ಇಲ್ಲ ಎನ್ನುವ ಪದ್ಧತಿಯೇ ಇಲ್ಲ. ಆ ಧೈರ್ಯದ ಮೇಲೆ ಬಂದು ಕೈಚಾಚಿದಳು.

“ಒಂದ ಪಾಕೀಟ ಕೊಡ ಮಾಯಾ.”

“ಇದ ನಿನಗ ಬರೂದಲ್ಲ ಸಂಗವ್ವಕ್ಕಾ. ನಿಂದ ಚೀಲ ಅದ. ಡಾಕ್ಟರಬಾಯಿ ನಿನಗ ಬ್ಯಾರೆ ಬರದ ಕೊಡ್ತಾಳ. ಮಿರಜಕ್ಕ ನಾನ ಕರಕೊಂಡ ಹೋಗ್ತೀನಿ, ಬರ್ತಿ?”

“ಒಂದ ಗುಳಿಗಿ ಕೊಡಾಕ ಮಿರಜದ ದಾರಿ ತೋರಸ್ತೀಯಲ್ಲ!” ಸಂಗವ್ವ ಸೆರಗು ಝಾಡಿಸಿ ಎದ್ದಳು. “ನೀ ಒಬ್ಬಾಕಿನ ಹುಡುಗಿ ಆಗಬೇಕೇನ? ಆಗವಾ, ಆಗು.”

ಆ ಮಾತು ಸಂಗವ್ವನ ಬಾಯಿಂದ ನೀರು ತರುವ ಹೆಂಗಸರ ಬಾಯಿಗೆ, ಅಲ್ಲಿಂದ ಬೇವಿನ ನೆರಳಿಗೆ ಕೂತ ಗಂಡಸರ ಬಾಯಿಗೆ ಹೋಗುವಷ್ಟರಲ್ಲಿ ಬೆಳೆದಿತ್ತು. ಮಾಯಕ್ಕ ನುಂಗುವುದು ಮತ್ತೆ ಮುಟ್ಟು ಬರಿಸುವ ಗುಳಿಗೆ. ಮುಖದ ಕಳೆ ನೋಡಿರಿ, ಆಗಲೇ ಬಂದಿರಬೇಕು. ಹಾಗಿದ್ದೂ ಹೋದ ಅಮಾವಾಸ್ಯೆಯ ಮೀಸಲು ಅವಳೇ ಮಾಡಿದ್ದಾಳೆ. ದೇವರಿಗೆ ಅಪಚಾರ!

ಬಸವ ಜಯಂತಿಗಿಂತ ಮುಂಚಿನ ಅಮಾವಾಸ್ಯೆಗೆ ನಾಲ್ಕು ದಿನ ಇತ್ತು. ಸೋಮನಿಂಗಪ್ಪ ಕಾಳಪ್ಪನನ್ನು ಕರೆಸಿ ಹೇಳಿದ: ಗುಳಿಗೆಯಾದರೂ ಬಿಡಬೇಕು, ಮೀಸಲಾದರೂ ಬಿಡಬೇಕು. ಕಾಳಪ್ಪ ಬೀಡಿ ಸೇದುತ್ತ ಬಂದು ಹೊಸ್ತಿಲ ಮೇಲೆ ಕೂತ.

“ಗುಳಿಗಿ ಬಿಟ್ಟಬಿಡು. ಇಷ್ಟ ವರ್ಷ ಇಲ್ದ ನಡದಿಲ್ಲೇನ?”

“ನಡದದ. ಕೈ ಮುರೀತು,” ಎಂದಳು ಮಾಯಕ್ಕ. “ನೀ ಮೊದಲ ಆ ಬೀಡಿ ಬಿಡು, ಆಮ್ಯಾಲ ನನಗ ಬುದ್ಧಿ ಹೇಳು. ಅವತ್ತ ಹೆಬ್ಬೆಟ್ಟ ಒತ್ತುವಾಗ ನನ್ನ ಕೇಳಿದ್ದಿ?”

ಕಾಳಪ್ಪ ಬೀಡಿ ನೆಲಕ್ಕೆ ಒತ್ತಿ ಆರಿಸಿ ಎದ್ದುಹೋದ. ಕೆಟ್ಟವನಲ್ಲ, ಹೆಬ್ಬೆಟ್ಟಿನ ಮಾತು ಬಂದಾಗಲೆಲ್ಲ ಹೀಗೇ ಜಾಗ ಬಿಡುತ್ತಿದ್ದ.

ಅತ್ತೆ ಹಣಮವ್ವನ ದಾರಿ ಬೇರೆ. ಸೊಸೆಯ ಹತ್ತಿರ ಸರಿದು ಪಿಸುಗುಟ್ಟಿದಳು: “ಬಿಟ್ಟೀನಿ ಅಂತ ಹೇಳು. ಕಾಂಚನನ ಮನ್ಯಾಗ ಇಟ್ಟ ನುಂಗು. ಯಾರಿಗಿ ತಿಳೀತದ? ಮೀಸಲಾನೂ ಉಳೀತು, ಗುಳಿಗೀನೂ ಉಳೀತು.”

ಮಾಯಕ್ಕ ಕೈಯಲ್ಲಿದ್ದ ಪಾಕೀಟು ನೋಡಿದಳು. ಅತ್ತೆ ಹೇಳಿದ್ದು ಸುಲಭದ ದಾರಿ. ಮೀಸಲು ಹೋದರೆ ಮತ್ತೆ ಅವಳು ಓಣಿಯ ಹತ್ತು ಸೊಸೆಯರಲ್ಲಿ ಒಬ್ಬಳು. ಗುಳಿಗೆ ಹೋದರೆ ಮತ್ತೆ ಆ ಒಲೆ, ಆ ಪುಡಿ ಎಲುಬು. ಕದ್ದು ನುಂಗಿದರೆ ಎರಡೂ ಸಿಗುತ್ತಿದ್ದವು.

“ಇಲ್ಲ ಅತ್ತಿ,” ಎಂದಳು. “ಹನ್ನೊಂದ ವರ್ಷ ಬೆವರಿದ್ದ ಕದ್ದ ಬೆವರೀನಿ. ಇದನ್ನೂ ಕದ್ದ ನುಂಗಂಗಿಲ್ಲ.”

ಅಮಾವಾಸ್ಯೆಯ ದಿನ ಎಂದಿನಂತೆ ಮಿಂದಳು, ಬಾಯಿಗೆ ಬಟ್ಟೆ ಕಟ್ಟಿದಳು, ಹೋಳಿಗೆ ಬೇಯಿಸಿದಳು. ಹೊರಡುವ ಮೊದಲು ಬಟ್ಟೆ ಬಿಚ್ಚಿ, ಕಟ್ಟೆಯ ಮೇಲೆ ನಿಂತು, ಓಣಿ ನೋಡುತ್ತಿರುವಂತೆಯೇ ಅಂದಿನ ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದಳು. ಆಮೇಲೆ ಮೀಸಲು ಜೋಡಿಸಿದ ಪರಾತ, ಆ ಅಗಲ ತಟ್ಟೆ, ಎತ್ತಿಕೊಂಡು ಗುಡಿಗೆ ನಡೆದಳು. ಕಾಂಚನ ಮಗಳ ಕೈ ಹಿಡಿದು ಹಿಂದೆ ಹೋದಳು. ಗುಡಿಯಂಗಳದಲ್ಲಿ ಹದಿನಾಲ್ಕು ಮನೆಯವರೂ ನೆರೆದಿದ್ದರು.

ಸೋಮನಿಂಗಪ್ಪ ಬಾಗಿಲಿಗೆ ಅಡ್ಡ ನಿಂತ. “ಅಲ್ಲೇ ನಿಲ್ಲು. ಹೇಳಿ ಕಳಸಿದ್ದಿಲ್ಲೇನ?”

“ಕೇಳೀನ್ರಿ ಮಾವಾರ. ಗುಳಿಗಿ ನುಂಗಿನ ಬಂದೀನಿ. ಮುಟ್ಟ ಬಂದಿಲ್ಲ, ಬರಂಗೂ ಇಲ್ಲ. ಚೀಲನ ಇಲ್ಲ, ಎಲ್ಲಿಂದ ಬರಬೇಕ್ರಿ?”

ಹಿಂದೆ ಯಾರೋ ಕಿಸಕ್ಕೆಂದರು. ಅಂಗಳದಲ್ಲಿ ಗಂಡಸರ ಮುಂದೆ ಇಂಥ ಮಾತು ಆಡಿದವರು ಇರಲಿಲ್ಲ.

“ನಾಚಿಗಿ ಇಲ್ಲ ಈಕಿಗಿ,” ಎಂದ ಸೋಮನಿಂಗಪ್ಪ. “ದೇವ್ರು ಕೊಟ್ಟ ಬಿಡುಗಡೀನ ಗುಳಿಗಿ ನುಂಗಿ ಕೆಡಿಸ್ಕೊಂಡಾಳ. ಒಯ್ಯಿ, ಮೀಸಲ ಮನಿಗಿ ಒಯ್ಯಿ.”

ಮಾಯಕ್ಕ ಪರಾತವನ್ನು ಗುಡಿಯ ಹೊಸ್ತಿಲ ಮೇಲೆ ಇಳಿಸಿದಳು. ಅದರ ಪಕ್ಕಕ್ಕೆ ತಾನೂ ಕೂತಳು.

“ಒಯ್ಯಂಗಿಲ್ರಿ. ನಾ ಇಲ್ಲೇ ಕುಂದರ್ತೀನಿ. ನಿಮಗ ಹಸಿವಾದಾಗ ತಗೋರ್ರಿ.”

ಮೀಸಲು ಒಳಗೆ ಹೋಗದೆ ಯಾರೂ ಉಣ್ಣುವಂತಿಲ್ಲ. ಬೇರೆ ಮೀಸಲು ಮಾಡೋಣವೆಂದರೆ ನಸುಕು ಎಂದೋ ಕಳೆದಿತ್ತು, ಮುಟ್ಟು ಪೂರ್ತಿ ನಿಂತು ನಡು ಗಟ್ಟಿಯಿರುವ ಹೆಂಗಸೂ ಬೇಕಿತ್ತು. ಸೂರ್ಯ ನೆತ್ತಿಗೆ ಬಂದ. ಏಪ್ರಿಲ್ಲಿನ ಬಿಸಿಲು, ಎಲ್ಲರ ಅಂಗಿ, ಎಲ್ಲರ ಕುಪ್ಪಸ ಒದ್ದೆಯಾದವು. ಆ ದಿನ ಮಾಯಕ್ಕ ಬೆವರಿದ್ದು ಉಳಿದವರಷ್ಟೇ. ಗಂಡಸರು ಬೇವಿನ ನೆರಳಿಗೆ ಸರಿದು ಗೊಣಗಿದರು. ಮನೆಮನೆಯಲ್ಲಿ ಹೋಳಿಗೆ ಆರುತ್ತಿದ್ದವು.

“ಸುಮ್ನ ಕುಂತು ಏನ ಮಾಡೂದು,” ಎಂದಳು ಮಾಯಕ್ಕ, ಹೆಂಗಸರ ಕಡೆ ತಿರುಗಿ. “ಒಂದ ಕೇಳ್ತೀನಿ, ಹೇಳ್ರಿ. ನಮ್ಮ ಹದಿನಾಕ ಮನ್ಯಾಗ ಯಾರ್ಯಾರಿಗಿ ದೇವ್ರು ಬಿಡುಗಡಿ ಕೊಟ್ಟಾನ, ಯಾರ್ಯಾರಿಗಿ ಡಾಕ್ಟರ ಕತ್ತಿ ಕೊಟ್ಟದ? ಕತ್ತೀದಿದ್ದವ್ರು ಕೈ ಎತ್ರಿ.” ತನ್ನ ಕೈಯನ್ನು ಮೊದಲು ಎತ್ತಿದಳು. ಪ್ಲಾಸ್ಟರ್ ಬಿಚ್ಚಿದ, ಇನ್ನೂ ಸೊರಗಿದ್ದ ಕೈ.

ಹೆಂಗಸರು ಸೆರಗು ಎಳೆದುಕೊಂಡು ಗಂಡಸರ ಕಡೆ ನೋಡಿದರು. ಆಮೇಲೆ ಗೋಡೆಗೆ ಒರಗಿದ್ದ ಒಬ್ಬಳು ಸೆರಗಿನೊಳಗಿಂದ ಕೈ ಹೊರತೆಗೆದಳು. ಇನ್ನೊಬ್ಬಳು. ಮತ್ತಿಬ್ಬರು. ಕೊನೆಗೆ ಸೋಮನಿಂಗಪ್ಪನ ಸ್ವಂತ ಸೊಸೆ, ಮೂವತ್ತೂ ತುಂಬದವಳು, ಮಾವನನ್ನು ನೋಡದೆ ಕೈ ಎತ್ತಿದಳು. ಆರು ಕೈ. ಒಂದೊಂದು ಮನೆಗೆ ಅದರದರದೇ ಗೊತ್ತಿತ್ತು. ಆರನ್ನೂ ಒಟ್ಟಿಗೆ ನೋಡಿದ್ದು ಅವತ್ತೇ.

“ಈಕಿಗೂ ಬಿಡುಗಡಿ ಏನ್ರಿ ಮಾವಾರ?” ಮಾಯಕ್ಕನ ದನಿ ಏರಿತು. “ನಾಳಿ ಈಕಿ ಮುಂಗೈನೂ ಮುರೀತದ. ಆಗ ಗುಳಿಗಿ ಬ್ಯಾಡ ಅಂತೀರಿ? ನನ್ನ ಬಿಡುಗಡಿ ಬೀರಪ್ಪ ಕೊಟ್ಟಿದ್ದಲ್ಲ, ಮುಕಾದಮ ಕೊಡಸಿದ್ದು. ಮುಕಾದಮನ ಕೈಯಾಗಿಂದ ತಗೊಂಡಾಗ ದೇವರಿಗಿ ಮೈಲಿಗಿ ಆಗಲಿಲ್ಲ. ಡಾಕ್ಟರಬಾಯಿ ಕೈಯಾಗಿಂದ ಒಂದ ಗುಳಿಗಿ ತಗೊಂಡ್ರ ಆತೇನು?”

ಸೋಮನಿಂಗಪ್ಪ ಬಾಗಿಲ ಚೌಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದ. ಅಷ್ಟರಲ್ಲಿ ಹಣಮವ್ವ ಕೋಲು ಊರಿ ಎದ್ದಳು. ನಾಲ್ಕು ದಿನದಿಂದ ಸೊಸೆಯ ಹಟಕ್ಕೆ ಬೈಯುತ್ತಿದ್ದವಳು.

“ಸೋಮನಿಂಗ, ನಾ ಮುಂಜಾನಿ ಸಕ್ಕರಿ ಬ್ಯಾನಿ ಗುಳಿಗಿ ನುಂಗೀನಿ. ಈಗ ಉಣಲಿಲ್ಲಂದ್ರ ಇಲ್ಲೇ ಬೀಳ್ತೀನಿ. ಈಕಿಗಿಂತ ಮೊದಲ ಆರ ವರ್ಷ ನಾ ಇದs ಸಕ್ಕರಿ ಗುಳಿಗಿ ನುಂಗಿ ಮೀಸಲಾ ಮಾಡೀನಿ, ನಿನ್ನ ದೇವ್ರು ಉಂಡಾನ. ಸರಿ ಅತ್ಲಾಗ.”

“ಅತ್ತಿಗೀ, ಅದು ಬ್ಯಾರೆ ಗುಳಿಗಿ…”

“ಯಾಕ ಬ್ಯಾರೆ? ನಂದೂ ಮೈಯಾಗ ಹುಟ್ಟೂದು ಕಡಿಮಿ ಆಗ್ಯದ, ಗುಳಿಗಿ ಸರಿ ಮಾಡ್ತದ. ಆಕೀದೂ ಹಂಗ. ಮಾಯಾ, ಆ ಕಡಿ ಹಿಡಿ.”

ಅತ್ತೆ ಸೊಸೆ ಇಬ್ಬರೂ ಪರಾತದ ಎರಡು ಅಂಚು ಹಿಡಿದು ಎತ್ತಿದರು. ಸೋಮನಿಂಗಪ್ಪ ಸರಿಯದಿದ್ದರೆ ಅತ್ತಿಗೆಯ ಮೈ ತಾಕುತ್ತಿತ್ತು, ಸರಿದ. ಮೀಸಲು ಬೀರಪ್ಪನ ಮುಂದೆ ಇಳಿಯಿತು. ಅವನು ಮುಖ ಗಂಟುಹಾಕಿಕೊಂಡೇ ಗಂಟೆ ಬಾರಿಸಿದ, ಬಾರಿಸದೆ ಬೇರೆ ದಾರಿಯಿರಲಿಲ್ಲ. ಅಂಗಳದಲ್ಲಿ ಎಲ್ಲರಿಗಿಂತ ಮೊದಲು ಮನೆಗೆ ಓಡಿದವನು ಕಾಳಪ್ಪ, ಉಣ್ಣಲು.

ಇಳಿಹೊತ್ತಿಗೆ ಮಾಯಕ್ಕ ಹಿತ್ತಲಲ್ಲಿ ಪರಾತ ತಿಕ್ಕುತ್ತಿದ್ದಳು, ಕಾಂಚನ ನೀರು ಹಾಕುತ್ತಿದ್ದಳು. ಸೋಮನಿಂಗಪ್ಪನ ಸೊಸೆ ಬಂದು ಮಿರಜದ ಡಾಕ್ಟರು ಯಾವ ವಾರ ಇರುತ್ತಾರೆಂದು ಕೇಳಿಕೊಂಡು ಹೋದಳು. ಸಂಗವ್ವ ಬಾಗಿಲ ತನಕ ಬಂದು, ಒಳಗೆ ಬಾರದೆ, “ಬಸ್ಸಿನಾಗ ನನಗ ವಾಂತಿ ಆಗ್ತದ, ಮುಂದಿನ ಸೀಟ ಹಿಡೀಬೇಕ ನೋಡ,” ಎಂದು ಹೇಳಿ ಹೊರಟುಹೋದಳು.

“ಗೆದ್ದಿ ಯಕ್ಕಾ,” ಎಂದಳು ಕಾಂಚನ.

“ಎಲ್ಲಿ ಗೆದ್ದೀನಿ? ನಂದ ಚೀಲ ಇಲ್ಲ ಅಂತ ಒಳಗ ಬಿಟ್ರು. ಇದ್ದಿದ್ರ ಬಿಡ್ತಿದ್ರೇನ?” ಮಾಯಕ್ಕ ಬೂದಿಯ ಕೈ ತೊಳೆದುಕೊಂಡಳು. “ಕಾಂಚನಾ, ನನ್ನದೊಂದ ಕೆಲಸ ಆಗಬೇಕ ನಿನ್ನಿಂದ. ಮುಂದಿನ ಅಮಾಸಿ ದಿನಾನ ಡಾಕ್ಟರಬಾಯಿ ತಾರೀಖ ಕೊಟ್ಟಾಳ. ನಾ ತಪ್ಪಸಂಗಿಲ್ಲ. ಅವತ್ತ ಮೀಸಲಾ ನೀ ಮಾಡ.”

ಕಾಂಚನ ಕೊಡ ಕೆಳಗಿಟ್ಟಳು. “ಯಕ್ಕಾ, ನಂದ ಇನ್ನಾ ತಿಂಗಳಾ ಬರ್ತದ.”

“ಗೊತ್ತದ. ಅದಕ್ಕs ನಿನ್ನ ಕೇಳಾಕತ್ತೀನಿ.”